ಮೊದಲ ಕ್ಯಾಮೆರಾ ಬಂತು, ಈಗ ಯಾವ ಫಿಲ್ಟರ್ ತಗೊಳ್ಳಬೇಕು? ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ಅಕ್ಕನ ಮಗ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಯುವಿ ಫಿಲ್ಟರ್, ಸ್ಟಾರ್ ಫಿಲ್ಟರ್, ಆರು ಬಣ್ಣದ ಫಿಲ್ಟರ್, ನಾಲ್ಕು ಕ್ಲೋಸ್‌ಅಪ್ ಗಾಜು, ಒಂದು ಪುಟ್ಟ ಟ್ರೈಪಾಡ್, ಎಲ್ಲ ಸೇರಿ ಒಂದೇ ಕಿಟ್. "ಮಾವ, ಇದನ್ನ ತಗೊಳ್ಳಲಾ? ಆಫರ್ ಇವತ್ತೇ ಮುಗಿಯುತ್ತೆ" ಅಂತ ಕೇಳಿದ್ದ. ಅವನ ಹತ್ತಿರ ಇರೋದು ಕ್ಯಾನನ್ 1500ಡಿ, ಅದರ ಜೊತೆಗೇ ಬಂದ 18-55 ಮತ್ತು 55-250 ಲೆನ್ಸ್. ಬೇಡ ಅಂದೆ. ಯಾಕೆ ಬೇಡ, ಆ ದುಡ್ಡಿಗೆ ಏನು ತಗೊಂಡರೆ ಒಳ್ಳೆಯದು ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ನಾನು ಫಿಲ್ಟರ್ ಕೊಳ್ಳುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಗಾಜು ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡಬಹುದಾ? ಮಾಡಬಹುದು ಅಂತಾದರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಕೆಂಪು, ಹಳದಿ ಫಿಲ್ಟರ್‌ಗಳು ಕಪ್ಪು-ಬಿಳುಪು ಫಿಲ್ಮ್ ಕಾಲದಲ್ಲಿ ನಿಜಕ್ಕೂ ಬೇಕಾಗಿದ್ದವು. ಈಗ ಆ ಕೆಲಸ ಸಾಫ್ಟ್‌ವೇರ್‌ನಲ್ಲಿ ಅರೆ ನಿಮಿಷದ್ದು. ಸ್ಟಾರ್ ಫಿಲ್ಟರ್‌ನ ಕಥೆಯೂ ಅಷ್ಟೇ. ಆದರೆ ನೀರಿನ ಮೇಲಿನ ಹೊಳಪನ್ನು ತೆಗೆದು ತಳದ ಕಲ್ಲು ತೋರಿಸುವುದು, ಎರಡು ಸೆಕೆಂಡು ಹರಿದ ನೀರನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು, ಇವೆರಡೂ ಶಟರ್ ಒತ್ತುವ ಹೊತ್ತಲ್ಲೇ ಆಗಬೇಕು. ಮೊದಲನೆಯದಕ್ಕೆ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್, ಹೊಳಪು ತಡೆಯುವ ಗಾಜು), ಎರಡನೆಯದಕ್ಕೆ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ, ಬೆಳಕು ಕಮ್ಮಿ ಮಾಡುವ ಗಾಜು). ಹೊಸಬರಿಗೆ ಈ ಎರಡು ಸಾಕು.

ಹೆಜ್ಜೆ 1: ಲೆನ್ಸ್ ಬಾಯಿಯ ಅಳತೆ ನೋಡಿ

ಫಿಲ್ಟರ್ ಕೊಳ್ಳುವಾಗ ಕ್ಯಾಮೆರಾ ಯಾವುದು ಅನ್ನೋದು ಮುಖ್ಯ ಅಲ್ಲ, ಲೆನ್ಸ್‌ನ ಬಾಯಿ ಎಷ್ಟು ಅಗಲ ಅನ್ನೋದು ಮುಖ್ಯ. ಲೆನ್ಸ್‌ನ ಮುಂದಿನ ಅಂಚಿನಲ್ಲೋ ಮುಚ್ಚಳದ ಒಳಗಡೆಯೋ ಸೊನ್ನೆಗೆ ಅಡ್ಡಗೆರೆ ಎಳೆದಂಥ ಒಂದು ಗುರುತು ಇರುತ್ತದೆ. ಅದರ ಪಕ್ಕದ ಸಂಖ್ಯೆಯೇ ನಿಮಗೆ ಬೇಕಾದ ಅಳತೆ, ಮಿಲಿಮೀಟರ್‌ನಲ್ಲಿ. 18-55 ಅಂತ ಬರೆದಿರೋದು ಫೋಕಲ್ ಲೆಂತ್, ಅಂದರೆ ಲೆನ್ಸ್ ಎಷ್ಟು ಅಗಲವಾಗಿ ಅಥವಾ ಎಷ್ಟು ಹತ್ತಿರಕ್ಕೆ ತೋರಿಸುತ್ತದೆ ಅನ್ನೋದು. ಅದನ್ನು ನೋಡಿ 55ರ ಫಿಲ್ಟರ್ ತರಿಸಿ, ಕೂರದೆ ವಾಪಸ್ ಕಳಿಸಿದವರು ತುಂಬಾ ಜನ ಇದ್ದಾರೆ.

ಕ್ಯಾನನ್‌ನ 18-55 ಮತ್ತು 55-250 ಎರಡಕ್ಕೂ 58 ಮಿ.ಮೀ. ನಿಕಾನ್‌ನ ಎಎಫ್-ಪಿ 18-55ಕ್ಕೆ 55. ಸೋನಿಯ 16-50 ಪವರ್ ಜೂಮ್‌ಗೆ 40.5. ಕ್ಯಾನನ್‌ನ ಜನಪ್ರಿಯ 50 ಮಿ.ಮೀ ಎಫ್/1.8 ಎಸ್‌ಟಿಎಂ ಲೆನ್ಸ್‌ಗೆ 49. ಒಂದೇ ಕಂಪನಿಯ ಒಂದೇ ಹೆಸರಿನ ಲೆನ್ಸ್‌ನಲ್ಲೂ ಹಳತು ಹೊಸತಕ್ಕೆ ಅಳತೆ ಬೇರೆ ಇರಬಹುದು. ಹಾಗಾಗಿ ನಿಮ್ಮ ಕೈಯಲ್ಲಿರುವ ಲೆನ್ಸನ್ನೇ ನೋಡಿ.

ಒಂದೊಂದು ಲೆನ್ಸ್‌ಗೆ ಒಂದೊಂದು ಫಿಲ್ಟರ್ ಕೊಳ್ಳುವ ಅಗತ್ಯ ಇಲ್ಲ. ಇರುವುದರಲ್ಲಿ ದೊಡ್ಡ ಅಳತೆಗೆ ಒಳ್ಳೆಯ ಫಿಲ್ಟರ್ ಕೊಂಡು, ಚಿಕ್ಕ ಲೆನ್ಸ್‌ಗೆ ಸ್ಟೆಪ್-ಅಪ್ ರಿಂಗ್ ಹಾಕಿ. ಅದು ಬರೀ ಲೋಹದ ಉಂಗುರ, ಬೆಲೆ ಕಮ್ಮಿ. ಅಕ್ಕನ ಮಗನಿಗೆ 58ರ ಫಿಲ್ಟರ್ ಒಂದು, ಮುಂದೆ 50 ಮಿ.ಮೀ ಲೆನ್ಸ್ ಕೊಂಡರೆ 49ರಿಂದ 58ಕ್ಕೆ ಏರಿಸುವ ರಿಂಗ್ ಒಂದು, ಇಷ್ಟೇ ಸಾಕು ಅಂದೆ. ದೊಡ್ಡ ಲೆನ್ಸ್ ಕೊಳ್ಳುವ ಯೋಚನೆ ಗಟ್ಟಿಯಾಗಿ ಇದ್ದವರು ಮೊದಲೇ 77ರ ಫಿಲ್ಟರ್ ಕೊಳ್ಳಬಹುದು. ಇದರಲ್ಲಿ ಒಂದು ತೊಂದರೆ ಇದೆ. ರಿಂಗ್ ಹಾಕಿದ ಮೇಲೆ ಲೆನ್ಸ್‌ನ ಹುಡ್ (ಬಿಸಿಲು ತಡೆಯಲು ಮುಂದೆ ಹಾಕುವ ಅಂಚು) ಸಾಮಾನ್ಯವಾಗಿ ಕೂರಲ್ಲ. ಆಗ ಬಿಸಿಲು ನೇರ ಗಾಜಿಗೆ ಬೀಳದಂತೆ ಕೈಯನ್ನೋ ಟೋಪಿಯನ್ನೋ ಅಡ್ಡ ಹಿಡಿಯಬೇಕು.

ಹೆಜ್ಜೆ 2: ಯುವಿ ಫಿಲ್ಟರ್ ಬೇಕಾ ಅಂತ ತೀರ್ಮಾನಿಸಿ

ಅಂಗಡಿಯಲ್ಲಿ ಕ್ಯಾಮೆರಾ ಜೊತೆಗೆ ಮೊದಲು ಕೈಗಿಡುವುದು ಇದನ್ನೇ. ಫಿಲ್ಮ್‌ಗೆ ನೇರಳಾತೀತ ಕಿರಣ ತಾಗುತ್ತಿತ್ತು. ಬೆಟ್ಟದ ಮೇಲೆ, ಕಡಲ ದಡದಲ್ಲಿ ತೆಗೆದ ಚಿತ್ರ ಮಂಜುಮಂಜಾಗಿ ನೀಲಿಗೆ ತಿರುಗುತ್ತಿತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಆ ಕಿರಣ ತಡೆಯುವ ಗಾಜು ಆಗಲೇ ಇದೆ. ಹಾಗಾಗಿ ಇವತ್ತು ಯುವಿ ಫಿಲ್ಟರ್ ಅಂದರೆ ಲೆನ್ಸ್‌ಗೆ ಹೊದಿಸಿದ ಒಂದು ಪಾರದರ್ಶಕ ಮುಚ್ಚಳ ಅಷ್ಟೇ.

ಆ ಮುಚ್ಚಳ ಬೇಕಾಗುವ ಜಾಗಗಳೂ ಇವೆ. ಕಂಬಳದ ಗದ್ದೆಯ ಪಕ್ಕ ನಿಂತರೆ ಕೋಣಗಳು ಎರಚುವ ಕೆಸರುನೀರು ಸೀದಾ ಲೆನ್ಸ್‌ಗೇ ಬರುತ್ತದೆ. ಮರವಂತೆ ದಡದ ಗಾಳಿಯಲ್ಲಿ ಉಪ್ಪಿನ ಹನಿ ಇರುತ್ತದೆ. ಹೋಳಿಯ ಬಣ್ಣದ ಪುಡಿ, ಹಂಪಿಯ ಧೂಳು, ಇಲ್ಲೆಲ್ಲ ಹಾಕಿ. ಮನೆಗೆ ಬಂದ ಮೇಲೆ ಫಿಲ್ಟರನ್ನು ಬಿಚ್ಚಿ ಒರೆಸಿದರೆ ಆಯ್ತು. ಬೇರೆ ಹೊತ್ತಿನಲ್ಲಿ ಹುಡ್ ಸಾಕು. ಕೈಜಾರಿ ಎಲ್ಲಾದರೂ ತಾಗಿದಾಗ ಮೊದಲ ಪೆಟ್ಟು ತಿನ್ನುವುದು ಹುಡ್ಡೇ.

ರಾತ್ರಿ ಮಾತ್ರ ತಪ್ಪದೇ ಬಿಚ್ಚಿಡಿ. ನಾನು ಮೊದಲ ಸಲ ಮೈಸೂರು ಅರಮನೆಯ ದೀಪಾಲಂಕಾರ ತೆಗೆದಾಗ ಮುನ್ನೂರು ರೂಪಾಯಿಯ ಯುವಿ ಫಿಲ್ಟರ್ ಹಾಕಿದ್ದೆ. ಸುಮಾರು 1 ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಂಡವು, ಸುತ್ತಲಿದ್ದ ಜನ ಹೋ ಅಂದರು, ನಾನು ಒಂದಾದ ಮೇಲೆ ಒಂದು ಚಿತ್ರ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕಪ್ಪು ಆಕಾಶದ ತುಂಬ ಹಸಿರು ಚುಕ್ಕೆ. ಕೆಳಗಿನ ಪ್ರಖರ ದೀಪಗಳೇ ತಲೆಕೆಳಗಾಗಿ ಮೇಲೆ ತೇಲುತ್ತಿದ್ದವು. ಸೆನ್ಸರ್‌ನಿಂದ ಹಿಂದಕ್ಕೆ ಚಿಮ್ಮಿದ ಬೆಳಕು ಆ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಸೆನ್ಸರ್‌ಗೆ ಬಂದರೆ ಹೀಗಾಗುತ್ತದೆ. ಒಳ್ಳೆಯ ಮಲ್ಟಿಕೋಟಿಂಗ್ (ಬೆಳಕು ಹಿಂದಕ್ಕೆ ಚಿಮ್ಮದಂತೆ ಹಚ್ಚುವ ಲೇಪನ) ಇರುವ ಗಾಜಿನಲ್ಲಿ ಇದು ಕಮ್ಮಿ, ಆದರೆ ಪೂರ್ತಿ ಹೋಗುವುದಿಲ್ಲ. ದೀಪಾವಳಿ, ತೇರು, ರಾತ್ರಿಯ ರಸ್ತೆ, ಯಾವುದೇ ಇರಲಿ, ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ಹೆಜ್ಜೆ 3: ಮೊದಲ ಫಿಲ್ಟರ್ ಸಿಪಿಎಲ್ ಆಗಿರಲಿ

ಆಗಸ್ಟ್‌ನಲ್ಲಿ ಆಗುಂಬೆ ಕಡೆ ರಸ್ತೆ ಪಕ್ಕದ ಒಂದು ಹಳ್ಳದ ಹತ್ತಿರ ನಿಂತಿದ್ದೀರಿ ಅಂದುಕೊಳ್ಳಿ. ಮಳೆ ಈಗಷ್ಟೇ ನಿಂತಿದೆ. ಕಣ್ಣಿಗೆ ಎಲ್ಲ ಹಸಿರು. ಆದರೆ ಚಿತ್ರ ತೆಗೆದರೆ ಎಲೆಗಳ ಮೇಲೆಲ್ಲ ಬೆಳ್ಳಗೆ ಹೊಳಪು, ನೀರಿನ ಮೇಲೆ ಬಿಳಿ ಆಕಾಶದ ಪ್ರತಿಬಿಂಬ. ಈಗ ಸಿಪಿಎಲ್ ಹಾಕಿ ಅದರ ಮುಂದಿನ ಉಂಗುರವನ್ನು ನಿಧಾನಕ್ಕೆ ತಿರುಗಿಸಿ. ಒಂದು ಜಾಗಕ್ಕೆ ಬಂದಾಗ ಎಲೆಯ ಮೇಲಿನ ಬಿಳಿ ಪೊರೆ ಸರಿದು ಒಳಗಿನ ಹಸಿರು ಕಾಣುತ್ತದೆ. ನೀರಿನ ಮೇಲಿನ ಆಕಾಶ ಮಾಯವಾಗಿ ತಳದ ಕೆಂಗಲ್ಲು, ಅದರ ಸಂದಿಯಲ್ಲಿ ಸಿಕ್ಕಿಕೊಂಡ ಕೊಳೆತ ಎಲೆ ಕಾಣುತ್ತದೆ. ಇನ್ನೂ ಸ್ವಲ್ಪ ತಿರುಗಿಸಿ, ಹೊಳಪು ವಾಪಸ್. ಮೊದಲ ಸಲ ನೋಡಿದವರು ಉಂಗುರವನ್ನು ಹಿಂದೆ ಮುಂದೆ ನಾಲ್ಕಾರು ಸಲ ತಿರುಗಿಸದೆ ಬಿಡಲ್ಲ.

ನೀರು, ಎಲೆ, ಗಾಜಿನಂಥ ವಸ್ತುವಿನಿಂದ ಬೆಳಕು ಓರೆಯಾಗಿ ಚಿಮ್ಮಿದಾಗ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಸಿಪಿಎಲ್ ಆ ದಿಕ್ಕಿನ ಅಲೆಗಳನ್ನು ತಡೆಯುತ್ತದೆ. ಹೊಳಪು ಆಗಲೇ ತಳದ ಬಣ್ಣವನ್ನು ಮುಚ್ಚಿಬಿಟ್ಟಿದ್ದರೆ ಯಾವ ಸಾಫ್ಟ್‌ವೇರ್‌ಗೂ ಅದನ್ನು ವಾಪಸ್ ತರಲು ಆಗುವುದಿಲ್ಲ. ಲೋಹದ ಹೊಳಪಿಗೆ ಮಾತ್ರ ಇದು ನಡೆಯಲ್ಲ. ಅಡುಗೆಮನೆಯ ಸ್ಟೀಲ್ ತಟ್ಟೆ ಮುಂದಿಟ್ಟು ತಿರುಗಿಸಿ ನೋಡಿ, ಹೆಚ್ಚೇನೂ ಬದಲಾಗಲ್ಲ.

ಬಳಸುವಾಗ ಇವು ಗಮನದಲ್ಲಿರಲಿ:

ನೀರನ್ನು ನೇರ ಮೇಲಿನಿಂದ ನೋಡಿದರೆ ಪರಿಣಾಮ ಕಮ್ಮಿ. ನೀರಿನ ಮಟ್ಟಕ್ಕೆ 35ರಿಂದ 40 ಡಿಗ್ರಿ ಓರೆಯಲ್ಲಿ ನೋಡಿದಾಗ ಹೊಳಪು ಚೆನ್ನಾಗಿ ಹೋಗುತ್ತದೆ. ಸ್ವಲ್ಪ ಕೂತು, ಸ್ವಲ್ಪ ಎದ್ದು ನೋಡಿ.

ಆಕಾಶ ಕಡುನೀಲಿ ಆಗಬೇಕು ಅಂದರೆ ಸೂರ್ಯ ನಿಮ್ಮ ಪಕ್ಕಕ್ಕೆ ಇರಬೇಕು. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಬಿಡಿಸಿ. ತೋರುಬೆರಳು ಕದಲದಂತೆ ಮಣಿಕಟ್ಟನ್ನು ತಿರುಗಿಸಿದರೆ ಹೆಬ್ಬೆರಳು ಎಲ್ಲೆಲ್ಲಿ ಹಾಯುತ್ತದೋ ಅಲ್ಲೆಲ್ಲ ಪರಿಣಾಮ ಜಾಸ್ತಿ. ಸೂರ್ಯ ಎದುರಿಗೋ ಬೆನ್ನ ಹಿಂದೆಯೋ ಇದ್ದರೆ ಆಕಾಶ ಅಷ್ಟಾಗಿ ಬದಲಾಗದು. 18 ಮಿ.ಮೀ.ಯಷ್ಟು ಅಗಲ ಇಟ್ಟರೆ ಆಕಾಶದ ಒಂದು ಮೂಲೆ ಕಡುನೀಲಿ, ಇನ್ನೊಂದು ಮೂಲೆ ತಿಳಿ ಆಗಬಹುದು. ಆಗ ಉಂಗುರವನ್ನು ಅರ್ಧಕ್ಕೇ ನಿಲ್ಲಿಸಿ.

ಕೆಲವು ಹಳೆಯ 18-55 ಲೆನ್ಸ್‌ಗಳಲ್ಲಿ ಫೋಕಸ್ ಆಗುವಾಗ ಮುಂದಿನ ಭಾಗವೂ ತಿರುಗುತ್ತದೆ. 1500ಡಿ ಜೊತೆ ಬರುವ ಐಎಸ್ 2 ಲೆನ್ಸ್ ಕೂಡ ಹೀಗೇ. ಆದ್ದರಿಂದ ಮೊದಲು ಫೋಕಸ್ ಮಾಡಿ, ಆಮೇಲೆ ಸಿಪಿಎಲ್ ತಿರುಗಿಸಿ.

ಕಾಮನಬಿಲ್ಲು ಕಂಡರೆ ಎಚ್ಚರ. ಅದರ ಬೆಳಕೂ ಒಂದೇ ದಿಕ್ಕಿಗೆ ಕಂಪಿಸುವಂಥದ್ದು. ಸಿಪಿಎಲ್ ತಪ್ಪಾಗಿ ತಿರುಗಿದ್ದರೆ ಬಿಲ್ಲೇ ಅಳಿಸಿಹೋಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ "ಸರ್ಕ್ಯುಲರ್" ಅಂತ ಇದೆಯಾ ನೋಡಿ. ಬರೀ ಲೀನಿಯರ್ ಆದರೆ ಡಿಎಸ್‌ಎಲ್‌ಆರ್‌ಗಳ ಫೋಕಸ್ ಮತ್ತು ಬೆಳಕು ಅಳೆಯುವ ಮೀಟರ್ ದಾರಿ ತಪ್ಪಬಹುದು. ಕೈಗೆ ಬಂದ ಕೂಡಲೇ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪುಟ ತೆರೆಯಿರಿ. ಲೆನ್ಸ್‌ಗೆ ಕೂರುವ ಥ್ರೆಡ್ ನಿಮ್ಮ ಕಣ್ಣಿನ ಕಡೆ ಇರುವಂತೆ ಫಿಲ್ಟರ್ ಹಿಡಿದು, ಅದರ ಮೂಲಕ ಪರದೆ ನೋಡುತ್ತ ತಿರುಗಿಸಿ. ಒಂದು ಕಡೆ ಪರದೆ ಕಪ್ಪಾಗಬೇಕು. ಕಪ್ಪಾಗದೆ ಬರೀ ಮಬ್ಬಾಗೇ ಉಳಿದರೆ ಅದನ್ನು ವಾಪಸ್ ಮಾಡಿ. ಚೌಕಟ್ಟು ಹಿತ್ತಾಳೆಯದ್ದಾದರೆ ಲೆನ್ಸ್‌ಗೆ ಕಚ್ಚಿಕೊಳ್ಳುವುದು ಕಮ್ಮಿ. ಹೋಯಾ, ಕೆ ಅಂಡ್ ಎಫ್, ನಿಸಿ, ಬಿ+ಡಬ್ಲ್ಯು ಹೆಸರುಗಳು ಎಲ್ಲ ಕಡೆ ಸಿಗುತ್ತವೆ. ಯಾವುದೇ ಇರಲಿ, ಮಲ್ಟಿಕೋಟಿಂಗ್ ಇಲ್ಲದ್ದು ಬೇಡ.

ಹೆಜ್ಜೆ 4: ಎನ್‌ಡಿ, ಲೆಕ್ಕ ಹಾಕಿ ಕೊಳ್ಳಿ

ಎನ್‌ಡಿ ಫಿಲ್ಟರ್ ಅಂದರೆ ಕ್ಯಾಮೆರಾಗೆ ಹಾಕುವ ಕಪ್ಪು ಕನ್ನಡಕ. ಬೆಳಕು ಕಮ್ಮಿ ಒಳಗೆ ಬಂದರೆ ಶಟರನ್ನು ಜಾಸ್ತಿ ಹೊತ್ತು ತೆರೆದಿಡಬಹುದು. ಬೆಳಕು ಅರ್ಧಕ್ಕೆ ಇಳಿದರೆ ಅದು ಒಂದು ಸ್ಟಾಪ್. ಎನ್‌ಡಿ8 ಅಂದರೆ 3 ಸ್ಟಾಪ್, ಎನ್‌ಡಿ64 ಅಂದರೆ 6, ಎನ್‌ಡಿ1000 ಅಂದರೆ 10. ಕೆಲವು ಕಂಪನಿಗಳು ಇದನ್ನೇ 0.9, 1.8, 3.0 ಅಂತ ಬರೆಯುತ್ತವೆ. ಗಾಬರಿ ಬೇಡ, ವಸ್ತು ಅದೇ.

ಲೆಕ್ಕ ಸುಲಭ. ಫಿಲ್ಟರ್ ಇಲ್ಲದ ಶಟರ್ ವೇಗವನ್ನು ಎನ್‌ಡಿ ಸಂಖ್ಯೆಯಿಂದ ಗುಣಿಸಿ. ಮೋಡದ ದಿನ ಜೋಗದ ಎದುರು ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) 100, ಎಫ್/11 (ಲೆನ್ಸ್‌ನ ಒಳಗಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೆ ಶಟರ್ ಸುಮಾರು 1/30 ಸೆಕೆಂಡು ಬರುತ್ತದೆ ಅನ್ನಿ. ಎನ್‌ಡಿ64 ಹಾಕಿದರೆ 64/30, ಹತ್ತಿರ ಹತ್ತಿರ 2 ಸೆಕೆಂಡು. ಎನ್‌ಡಿ1000 ಹಾಕಿದರೆ 33 ಸೆಕೆಂಡು, ಅಷ್ಟರಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಿಳಿ ಬಟ್ಟೆ ತೂಗುಹಾಕಿದಂತೆ ಆಗುತ್ತವೆ. ನನಗೆ ಅದು ಹಿಡಿಸಲ್ಲ. ಕಾಲು ಸೆಕೆಂಡಿನಿಂದ ಎರಡು ಸೆಕೆಂಡಿನ ಒಳಗೆ ತೆಗೆದರೆ ನೀರಿನ ಎಳೆಗಳು, ಅದು ಬೀಳುವ ರಭಸ ಇನ್ನೂ ಉಳಿದಿರುತ್ತವೆ. ಹಾಗಾಗಿ ಒಂದೇ ಎನ್‌ಡಿ ಕೊಳ್ಳುವುದಾದರೆ 64 ಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಕಡಲ ಅಲೆಗಳನ್ನು ಮಂಜಿನಂತೆ ಮಾಡುವುದಕ್ಕೂ ಅದು ಸಾಕು.

ಇನ್ನೊಂದು ವಿಷಯ ಮಲೆನಾಡಿನವರಿಗೆ, ಕೊಡಗಿನವರಿಗೆ. ದಟ್ಟ ಮರಗಳ ಕೆಳಗಿನ ಹಳ್ಳಕ್ಕೆ ಎನ್‌ಡಿ ಬೇಕಾಗದೇ ಇರಬಹುದು. ಮಳೆಗಾಲದಲ್ಲಿ ಅಲ್ಲಿ ಎಫ್/11ಕ್ಕೆ ಶಟರ್ ಆಗಲೇ 1/4ಕ್ಕೆ ಇಳಿದಿರುತ್ತದೆ. ಸಿಪಿಎಲ್ ತಾನೇ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಅದನ್ನು ಹಾಕಿದರೆ ಅರ್ಧ ಸೆಕೆಂಡು ದಾಟಿತು. ಹೊಳಪೂ ಹೋಯ್ತು, ನೀರೂ ಹರಿಯಿತು. ಸಿಪಿಎಲ್ ಮೊದಲು ಕೊಳ್ಳಿ ಅಂದಿದ್ದು ಇದಕ್ಕೂ ಸೇರಿ.

ತೆಗೆಯುವ ಕ್ರಮ ಹೀಗಿರಲಿ. ಟ್ರೈಪಾಡ್ ಊರಿ ಚೌಕಟ್ಟು ಹೊಂದಿಸಿ. ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ತಿರುಗಿಸಿ. ಶಟರ್ ವೇಗ ನೋಡಿ ಗುಣಾಕಾರ ಮಾಡಿ. ಈಗ ಫೋಕಸ್ ಕದಲದಂತೆ ಮೆಲ್ಲಗೆ ಎನ್‌ಡಿ ತಿರುಗಿಸಿ ಕೂರಿಸಿ. ಲೆನ್ಸ್‌ನ ಸ್ಟೆಬಿಲೈಸೇಶನ್ (ಕೈಯ ಅಲುಗಾಟ ಸರಿದೂಗಿಸುವ ಏರ್ಪಾಟು) ಆಫ್ ಮಾಡಿ. ಡಿಎಸ್‌ಎಲ್‌ಆರ್ ಆದರೆ ಹಿಂದಿನ ವ್ಯೂಫೈಂಡರನ್ನು (ಕಣ್ಣಿಟ್ಟು ನೋಡುವ ಕಿಂಡಿ) ಮುಚ್ಚಿ, ಅಲ್ಲಿಂದಲೂ ಬೆಳಕು ನುಗ್ಗುತ್ತದೆ. ಎರಡು ಸೆಕೆಂಡಿನ ಟೈಮರ್ ಇಟ್ಟು ಒತ್ತಿ ಕೈ ಬಿಡಿ. 30 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಬಲ್ಬ್ ಮೋಡ್ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುತ್ತದೆ) ಮತ್ತು ರಿಮೋಟ್ ಬೇಕು. ಅಗ್ಗದ ಎನ್‌ಡಿ ಚಿತ್ರಕ್ಕೆ ಕಂದು ಅಥವಾ ನೇರಳೆ ಛಾಯೆ ಕೊಡುತ್ತದೆ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಮೂಲ ಮಾಹಿತಿ) ತೆಗೆದಿದ್ದರೆ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ವೀಡಿಯೊ ಮಾಡುವವರಿಗೆ ವೇರಿಯಬಲ್ ಎನ್‌ಡಿ (ತಿರುಗಿಸಿ ಕಪ್ಪನ್ನು ಹೆಚ್ಚು ಕಮ್ಮಿ ಮಾಡುವಂಥದ್ದು) ಉಪಯೋಗಕ್ಕೆ ಬರುತ್ತದೆ. 25 ಫ್ರೇಮ್ ವೀಡಿಯೊಗೆ ಶಟರ್ 1/50 ಇದ್ದರೆ ಚಲನೆ ಸಹಜವಾಗಿ ಕಾಣುತ್ತದೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳೂ ಮಿಣುಕುವುದಿಲ್ಲ. ಬಿಸಿಲಲ್ಲಿ 1/50 ಇಡಲು ಬೆಳಕನ್ನು ಕಡಿಮೆ ಮಾಡಲೇಬೇಕು. ವೇರಿಯಬಲ್ ಎನ್‌ಡಿಯೊಳಗೆ ಎರಡು ಪೋಲರೈಸರ್ ಗಾಜುಗಳಿರುತ್ತವೆ. ಅಗಲ ಲೆನ್ಸ್‌ನಲ್ಲಿ ಕೊನೆಯವರೆಗೂ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿ ಆಕಾರದ ಕಪ್ಪು ಪಟ್ಟೆ ಬರುತ್ತದೆ. ಅಲ್ಲಿಯವರೆಗೆ ಹೋಗಬೇಡಿ.

ಒಂದು ಗಂಭೀರ ಎಚ್ಚರಿಕೆ. ಎನ್‌ಡಿ1000 ಹಾಕಿಕೊಂಡು ಗ್ರಹಣದ ಸೂರ್ಯನನ್ನು ವ್ಯೂಫೈಂಡರ್‌ನಲ್ಲಿ ನೋಡಲೇಬೇಡಿ. ಕಣ್ಣು ಹೋಗುತ್ತದೆ. ಅದಕ್ಕೆಂದೇ ಮಾಡಿದ ಸೋಲಾರ್ ಫಿಲ್ಟರ್ ಬೇರೆ ಇದೆ, ಅದು ಬೆಳಕನ್ನು ಸುಮಾರು ಲಕ್ಷದ ಒಂದು ಪಾಲಿಗೆ ಇಳಿಸುತ್ತದೆ.

ಫಿಲ್ಟರ್ ಮೇಲೆ ಫಿಲ್ಟರ್ ಪೇರಿಸಬೇಡಿ, ಮೂಲೆಗಳು ಕಪ್ಪಾಗುತ್ತವೆ. ಸಿಪಿಎಲ್ ಹಾಕುವಾಗ ಯುವಿ ಬಿಚ್ಚಿ. ಅರ್ಧ ಕಪ್ಪು ಅರ್ಧ ಪಾರದರ್ಶಕ ಇರುವ ಗ್ರಾಜುಯೇಟೆಡ್ ಎನ್‌ಡಿ ಸದ್ಯಕ್ಕೆ ಬೇಡ. ನಂದಿಬೆಟ್ಟದ ಸೂರ್ಯೋದಯಕ್ಕೆ ಬೇರೆ ಬೇರೆ ಎಕ್ಸ್‌ಪೋಶರ್‌ನ (ಒಳಗೆ ಬಿಟ್ಟ ಬೆಳಕಿನ ಪ್ರಮಾಣ) ಮೂರು ಚಿತ್ರ ತೆಗೆದು ಸೇರಿಸಿದರೆ ಅದೇ ಕೆಲಸ ಆಗುತ್ತದೆ.

ಹೆಜ್ಜೆ 5: ಉಳಿದ ಸಾಮಾನು, ಬೇಕಾದ ಕ್ರಮದಲ್ಲಿ

ಫಿಲ್ಟರ್‌ಗಿಂತ ಮೊದಲು ದುಡ್ಡು ಹೋಗಬೇಕಾದ್ದು ಟ್ರೈಪಾಡ್‌ಗೆ. ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಕಾಲುಗಳು ಫೋನ್ ಹೊತ್ತಾವು, ಕ್ಯಾಮೆರಾ ಹೊತ್ತರೆ ನಡುಗುತ್ತವೆ. ಅಂಗಡಿಗೆ ಹೋಗಿ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ. ತಲೆಯ ಮೇಲೆ ಅಂಗೈ ಇಟ್ಟು ಒತ್ತಿ, ಸ್ವಲ್ಪ ತಿರುಚಿ. ಕಾಲು ಬಾಗಿದರೆ, ಲಾಕ್ ಜಾರಿದರೆ ಬೇಡ. ನಡುವಿನ ಕಂಬ ಎತ್ತದೆಯೇ ನಿಮ್ಮ ಎದೆ ಮಟ್ಟಕ್ಕಾದರೂ ಬರಬೇಕು. ಕಂಬ ಎತ್ತಿದಷ್ಟೂ ಅಲುಗಾಟ ಜಾಸ್ತಿ. ಹೊಸಬರಿಗೆ ಒಂದೂವರೆ ಕೆ.ಜಿ. ಆಸುಪಾಸಿನ ಅಲ್ಯೂಮಿನಿಯಂ ಟ್ರೈಪಾಡ್ ಸಾಕು. ಕಾರ್ಬನ್ ಫೈಬರ್ ಹಗುರ, ಆದರೆ ಬೆಲೆ ಜಾಸ್ತಿ.

ಮೆಮೊರಿ ಕಾರ್ಡ್ ಎರಡು ಇರಲಿ, ಒಂದೇ ದೊಡ್ಡದು ಬೇಡ. ಒಂದು ಕೆಟ್ಟರೆ ಎಲ್ಲ ಹೋದಂತೆ, ಅಲ್ವಾ? ವೀಡಿಯೊಗೆ ವಿ30 ಗುರುತು ನೋಡಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅದರ ಅರ್ಥ. ನಕಲಿ ಕಾರ್ಡ್ ತುಂಬಾ ಓಡಾಡುತ್ತವೆ, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂನಿಂದ ಪೂರ್ತಿ ತುಂಬಿಸಿ ನೋಡಿ. ಜೊತೆಗೆ ಇನ್ನೊಂದು ಬ್ಯಾಟರಿ.

ಹೊಸ ಲೆನ್ಸ್ ಬೇಕು ಅನ್ನಿಸಿದಾಗ ಆರು ತಿಂಗಳ ಚಿತ್ರಗಳನ್ನು ತೆರೆದು ಫೋಕಲ್ ಲೆಂತ್ ನೋಡಿ. ಮನೆಯೊಳಗೆ ಮಕ್ಕಳು, ಸಂಜೆ ಮದುವೆ, ಎಲ್ಲ ಮಸುಕಾಗಿ ಬಂದಿದ್ದರೆ 50 ಮಿ.ಮೀ ಎಫ್/1.8 ಕೊಳ್ಳಿ. ಕಿಟ್ ಲೆನ್ಸ್‌ನ 55ರ ತುದಿಯಲ್ಲಿ ಎಫ್/5.6 ಸಿಗುತ್ತದೆ, ಇದು ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹಕ್ಕಿ ಚಿತ್ರಗಳೆಲ್ಲ 250ರಲ್ಲೇ ನಿಂತು ಇನ್ನೂ ಚಿಕ್ಕದಾಗಿ ಕಂಡರೆ ದೊಡ್ಡ ಲೆನ್ಸ್ ಯೋಚನೆ ಮಾಡಿ. ಆದರೆ ಮೊದಲು ರಂಗನತಿಟ್ಟಿಗೆ ಹೋಗಿ ಬನ್ನಿ. ಅಲ್ಲಿ ದೋಣಿ ಗೂಡುಗಳ ಹತ್ತಿರವೇ ಹೋಗುತ್ತದೆ, 250 ಸಾಕಾಗುತ್ತದೆ. ಕಬಿನಿಗೆ ಹೋಗುವುದಾದರೆ ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಎರಡು ದಿನ ಹೊತ್ತು ನೋಡಿದರೆ ಆ ಭಾರ ನಿಮಗೆ ಒಗ್ಗುತ್ತಾ ಇಲ್ಲವಾ ಗೊತ್ತಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಕ್ಯಾಮೆರಾ ಆದರೆ ಶಟರ್ ಎಷ್ಟು ಸಲ ಓಡಿದೆ ಕೇಳಿ. ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಸೆನ್ಸರ್ ಮೇಲಿನ ಕಲೆ ನೋಡಿ. ಬಿಲ್ ಮತ್ತು ಸೀರಿಯಲ್ ನಂಬರ್ ಹೊಂದಬೇಕು.

ಹೆಜ್ಜೆ 6: ಕೊಂಡಿದ್ದನ್ನು ಮಳೆಗಾಲದಿಂದ ಕಾಪಾಡಿ

ಕರಾವಳಿ, ಮಲೆನಾಡಿನಲ್ಲಿ ಲೆನ್ಸ್‌ಗೆ ಬಿದ್ದು ಒಡೆಯುವುದಕ್ಕಿಂತ ದೊಡ್ಡ ಅಪಾಯ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬಟ್ಟೆಯ ಬ್ಯಾಗ್‌ನಲ್ಲಿ ಬೀರುವಿನೊಳಗೆ ಇಡಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶದ ಮೀಟರ್, ಇಷ್ಟು ಸಾಕು. ಮೀಟರ್ ಶೇಕಡಾ 40ರಿಂದ 50 ತೋರಿಸಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದರೆ, ನೀಲಿಯದ್ದು ಗುಲಾಬಿಗೆ ತಿರುಗಿದರೆ, ನೀರು ಕುಡಿದಿದೆ ಅಂತ ಅರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಒಣಗಿಸಿ, ಆರಿಸಿ ಮತ್ತೆ ಇಡಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಗಾಜಿನ ಲೇಪನಕ್ಕೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸಿ.

ಒರೆಸುವಾಗ ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲೆ ಬಟ್ಟೆ. ದ್ರವವನ್ನು ಬಟ್ಟೆಗೆ ಹಾಕಿ, ಗಾಜಿನ ಮೇಲೆ ಸುರಿಯಬೇಡಿ. ಫಿಲ್ಟರ್ ಲೆನ್ಸ್‌ಗೆ ಕಚ್ಚಿಕೊಂಡು ಬಿಡದಿದ್ದರೆ ಜೋರಾಗಿ ಅದುಮಬೇಡಿ. ಅದುಮಿದಷ್ಟೂ ಚೌಕಟ್ಟು ಮೊಟ್ಟೆಯಾಕಾರಕ್ಕೆ ಬಾಗಿ ಇನ್ನೂ ಬಿಗಿಯಾಗುತ್ತದೆ. ಅಂಚಿಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಐದೂ ಬೆರಳನ್ನು ಹಗುರವಾಗಿ ಇಟ್ಟು ತಿರುಗಿಸಿ.

ಎಸಿ ಕಾರಿನಿಂದ ಇಳಿದ ಕೂಡಲೇ ಮಂಗಳೂರಿನ ಸೆಕೆಗೆ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆಲ್ಲ ಮಂಜು ಕಟ್ಟುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ, ಬ್ಯಾಗ್‌ನ ಜಿಪ್ ಮುಚ್ಚಿಯೇ ಇರಲಿ.